‘ನೋವಿನ ಇಂಜೆಕ್ಷನ್ ಆಗಿಬರಲ್ಲ’ ಅಂದರೆ ಸಾಲದು, ಅದರ ಹೆಸರು ಬೇಕು

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು. ಆಪರೇಷನ್ ಸಮಯದಲ್ಲಿ ಕೊಡುವ ನೋವಿನ ಔಷಧ ಮತ್ತು ಅದರ ಅಲರ್ಜಿ. ನಾನು ಅರಿವಳಿಕೆ ಡಾಕ್ಟರು. ಅಂದ್ರೆ ಆಪರೇಷನ್ ಟೇಬಲ್ಲಿನ ತಲೆ ಕಡೆ ನಿಂತಿರುವವಳು. ಹಾಗಾಗಿ ಇದು ನನ್ನ ದಿನನಿತ್ಯದ ಭಯವೂ ಹೌದು. ಉಳಿದ ಪತ್ರಗಳನ್ನು ಮುಂದಿನ ಸಲಕ್ಕೆ ಇಟ್ಟು ಈ ಐದಕ್ಕೇ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 61 ವರ್ಷ. ಶಿರಸಿ ಹತ್ತಿರ ನಮ್ಮ ತೋಟ. ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಯ್ತು. ವಾರ್ಡಿಗೆ ತಂದ ಮೇಲೆ ಸಂಜೆ ನರ್ಸ್ ಬಂದು ನೋವಿಗೆ ಅಂತ ಇಂಜೆಕ್ಷನ್ ಕೊಟ್ಟರು. ಐದು ನಿಮಿಷ ಆಗಿತ್ತೋ ಇಲ್ಲವೋ, ಮೈಯೆಲ್ಲ ಕೆಂಪಾಗಿ ಪಿತ್ತದ ಗಂಧೆ ಎದ್ದಿತು, ಉಸಿರು ಕಟ್ಟಿತು, ಬಿಪಿ ಬಿತ್ತು. ಎರಡು ದಿನ ಐಸಿಯುನಲ್ಲಿ ಇಟ್ಟಿದ್ದರು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಇಂಜೆಕ್ಷನ್ ರಿಯಾಕ್ಷನ್’ ಅಂತ ಎರಡೇ ಶಬ್ದ. ಈಗ ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕಂತೆ. ಅಪ್ಪಯ್ಯ ‘ಕೊಯ್ಯಲಿ, ನೋವು ತಡ್ಕತ್ತೆ, ಆದ್ರೆ ಯಾವ ಇಂಜೆಕ್ಷನ್ನೂ ಬ್ಯಾಡ’ ಅಂತ ಹಟ ಹಿಡಿದು ಕೂತಿದ್ದಾರೆ. ಏನು ಮಾಡಲಿ?
— ಮಗಳು, ಶಿರಸಿ

ಉತ್ತರ: ತಂಗಿ, ಮೊದಲು ಅಪ್ಪಯ್ಯನಿಗೆ ಒಂದು ಮಾತು ಹೇಳು. ಅವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ, ಸಾವಿನ ಬಾಗಿಲ ತನಕ ಹೋಗಿ ಬಂದವರು ಅವರು. ಆದರೆ ನೋವು ತಡೆದುಕೊಂಡು ಮಲಗುವುದು ದಾರಿಯಲ್ಲ. ಪಿತ್ತಕೋಶದ ಆಪರೇಷನ್ ಆದ ಮೇಲೆ ಹೊಟ್ಟೆಯ ಮೇಲ್ಭಾಗ ನೋಯುತ್ತದೆ. ನೋವಿದ್ದರೆ ಉದ್ದ ಉಸಿರು ಎಳೆಯಲು ಆಗುವುದಿಲ್ಲ, ಕೆಮ್ಮಲು ಆಗುವುದಿಲ್ಲ. ಕಫ ಒಳಗೇ ನಿಂತು ನ್ಯುಮೋನಿಯಾಕ್ಕೆ ತಿರುಗಬಹುದು. ನೋವಿಗೆ ಔಷಧ ಬೇಕೇ ಬೇಕು, ಅವರಿಗೆ ಆಗಿಬರುವ ಔಷಧ ಬೇಕು.

ಅದಕ್ಕೆ ಮೊದಲ ಕೆಲಸ, ಅವತ್ತು ಕೊಟ್ಟದ್ದು ಏನು ಅಂತ ಹುಡುಕುವುದು. ‘ನೋವಿನ ಇಂಜೆಕ್ಷನ್’ ಅನ್ನುವುದು ಒಂದು ಔಷಧದ ಹೆಸರಲ್ಲ. ಡೈಕ್ಲೋಫೆನಾಕ್ ಇರಬಹುದು, ಕೆಟೊರೊಲಾಕ್ ಇರಬಹುದು, ಟ್ರಮಡಾಲ್ ಇರಬಹುದು, ಪ್ಯಾರಾಸಿಟಮಾಲ್ ಡ್ರಿಪ್ ಇರಬಹುದು. ಇವೆಲ್ಲ ಬೇರೆ ಬೇರೆ. ಒಂದು ಆಗದವರಿಗೆ ಇನ್ನೊಂದು ಸಲೀಸಾಗಿ ಆಗಬಹುದು.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ. ಸಂಜೆ ನರ್ಸ್ ಟ್ರೇ ಹಿಡಿದು ಬಂದರೆ ಅದರಲ್ಲಿ ಒಂದೇ ಸಿರಿಂಜ್ ಇರುವುದು ಅಪರೂಪ. ಆಂಟಿಬಯಾಟಿಕ್, ಗ್ಯಾಸ್ಟ್ರಿಕ್ ಇಂಜೆಕ್ಷನ್, ನೋವಿನದು, ಮೂರನ್ನೂ ಒಂದರ ಹಿಂದೆ ಒಂದು ಕೊಟ್ಟು ಹೋಗುತ್ತಾರೆ. ಮನೆಯವರ ನೆನಪಿನಲ್ಲಿ ಉಳಿಯುವುದು ‘ನೋವಿಗೆ ಕೊಟ್ರು’ ಅನ್ನುವುದು ಮಾತ್ರ. ಬ್ರಿಟನ್ನಿನ ಅರಿವಳಿಕೆ ಡಾಕ್ಟರುಗಳು ದೇಶದಾದ್ಯಂತ ಲೆಕ್ಕ ಹಾಕಿ 2018ರಲ್ಲಿ ಒಂದು ದೊಡ್ಡ ವರದಿ ಕೊಟ್ಟರು. ಅರಿವಳಿಕೆಯ ಹೊತ್ತಿಗೆ ಆದ 266 ತೀವ್ರ ಅಲರ್ಜಿಗಳನ್ನು ಒಂದೊಂದಾಗಿ ಜಾಲಾಡಿದ್ದರು. ಸುಮಾರು 10,000 ಅರಿವಳಿಕೆಗೆ ಒಂದು ಅಂತ ಬಂತು. ಕಾರಣಗಳಲ್ಲಿ ಮೊದಲನೆಯದು ಆಂಟಿಬಯಾಟಿಕ್, ಎರಡನೆಯದು ಸ್ನಾಯು ಸಡಿಲ ಮಾಡುವ ಔಷಧ, ಮೂರನೆಯದು ಚರ್ಮ ಒರೆಸುವ ಕ್ಲೋರ್‌ಹೆಕ್ಸಿಡಿನ್. ಹಾಗಂತ ನೋವಿನ ಔಷಧದ್ದು ತಪ್ಪೇ ಇಲ್ಲ ಅಂತಲ್ಲ. ಡೈಕ್ಲೋಫೆನಾಕ್‌ನಿಂದ ಹೀಗೆ ಆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಅಪ್ಪಯ್ಯನಿಗೆ ಆಗದ್ದು ಆಂಟಿಬಯಾಟಿಕ್ ಆಗಿದ್ದು, ನೀವೆಲ್ಲ ನೋವಿನ ಇಂಜೆಕ್ಷನ್ನನ್ನೇ ದೂರಿ ಕೂತರೆ, ಈ ಸಲ ಆಪರೇಷನ್ನಿಗೆ ಮುಂಚೆ ಅದೇ ಆಂಟಿಬಯಾಟಿಕ್ ಮತ್ತೆ ಅವರ ರಕ್ತಕ್ಕೆ ಹೋಗುತ್ತದೆ. ನನಗೆ ಹೆದರಿಕೆ ಇರುವುದು ಅದಕ್ಕೆ.

ಹಾಗಾಗಿ ಹಳೇ ಆಸ್ಪತ್ರೆಗೆ ಹೋಗಿ ಲಿಖಿತವಾಗಿ ಅರ್ಜಿ ಕೊಡು. ಡಿಸ್ಚಾರ್ಜ್ ಕಾರ್ಡ್ ಅಲ್ಲ, ಕೇಸ್ ಶೀಟಿನ ಜೆರಾಕ್ಸ್ ಕೇಳು. ಅದರಲ್ಲಿ ಅರಿವಳಿಕೆ ಚಾರ್ಟ್, ಔಷಧದ ಚಾರ್ಟ್, ನರ್ಸ್ ಬರೆದ ನೋಟ್ಸ್ ಮೂರೂ ಇರಬೇಕು, ಯಾವುದು ಎಷ್ಟು ಗಂಟೆಗೆ ಕೊಟ್ಟದ್ದು ಅಂತ ಅಲ್ಲೇ ಇರುತ್ತದೆ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ಕೇಳಿದ 72 ಗಂಟೆಯಲ್ಲಿ ಕೊಡಬೇಕು. ನಿಮಗಿನ್ನೂ ಒಂದು ವರ್ಷ ಇದೆ, ಆದರೆ ಅಡಿಕೆಯ ಕೊನೆಕೊಯ್ಲು ಮುಗಿಯಲಿ ಅಂತ ಕಾಯಬೇಡ. ಜಗಳಕ್ಕೆ ಹೋದ ಹಾಗೆ ಹೋಗಬೇಡ. ‘ಇನ್ನೊಂದು ಆಪರೇಷನ್ ಇದೆ, ಔಷಧದ ಹೆಸರು ಬೇಕಿತ್ತು’ ಅಂದರೆ ಹೆಚ್ಚಿನವರು ಕೊಡುತ್ತಾರೆ.

ಜೊತೆಗೆ ಅಪ್ಪಯ್ಯನನ್ನು ಕೂರಿಸಿಕೊಂಡು ಇನ್ನೊಂದು ಪಟ್ಟಿ ಮಾಡು. ಆ ಘಟನೆ ಆದ ಮೇಲೆ ಅವರು ಯಾವ ಯಾವ ಮಾತ್ರೆ ನುಂಗಿದ್ದಾರೆ, ಏನೂ ಆಗದೆ? ಹಲ್ಲು ನೋವಿಗೆ ಕಾಂಬಿಫ್ಲಾಮ್ ತಗೊಂಡಿದ್ದರೆ ಅದರಲ್ಲಿ ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಇದೆ. ಜ್ವರಕ್ಕೆ ಡೋಲೋ ತಗೊಂಡಿದ್ದರೆ ಪ್ಯಾರಾಸಿಟಮಾಲ್ ಆಗಿಬರುತ್ತದೆ ಅಂತಾಯ್ತು. ಆಗದ್ದರ ಪಟ್ಟಿಯಷ್ಟೇ ಆಗಿದ್ದರ ಪಟ್ಟಿಯೂ ನಮಗೆ ಬೆಲೆಯದ್ದು. ಇದನ್ನು ಯಾರೂ ತರುವುದಿಲ್ಲ, ನೀನು ತಗೊಂಡು ಹೋಗು. ಅನುಮಾನ ಇರುವ ಔಷಧವನ್ನು ಮಾತ್ರ ಮನೆಯಲ್ಲಿ ‘ಒಂದ್ಸಲ ತಗೊಂಡು ನೋಡ್ತೆ’ ಅಂತ ಪರೀಕ್ಷೆ ಮಾಡಲು ಬಿಡಬೇಡ.

ಎರಡು ಪಟ್ಟಿಯನ್ನೂ ಹಿಡಿದು ಅರಿವಳಿಕೆ ಡಾಕ್ಟರನ್ನು ಕಾಣಬೇಕು, ಸರ್ಜನ್ನನ್ನು ಮಾತ್ರ ಅಲ್ಲ. ಆಪರೇಷನ್ ದಿನ ಬೆಳಿಗ್ಗೆ ಹಸಿರು ಗೌನ್ ಹಾಕಿದ ಮೇಲೆ ಹೇಳುವ ವಿಷಯ ಇದಲ್ಲ, ಒಂದೆರಡು ವಾರ ಮೊದಲೇ ಹೋಗಿ. ಯಾವುದರಿಂದ ಆಯ್ತು ಅಂತ ಚಾರ್ಟಿನಿಂದಲೂ ಗೊತ್ತಾಗದಿದ್ದರೆ ಅಲರ್ಜಿ ತಜ್ಞರ ಹತ್ತಿರ ಕಳಿಸಬಹುದು. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಹೇಗೂ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುತ್ತೇವೆ. ಹೊರಡುವ ಮೊದಲು ಫೋನ್ ಮಾಡಿ ಔಷಧ ಅಲರ್ಜಿ ಪರೀಕ್ಷೆ ಮಾಡುತ್ತಾರಾ ಅಂತ ಕೇಳಿಕೊಳ್ಳಿ, ಘಟ್ಟ ಇಳಿದು ಬರಿಗೈಲಿ ವಾಪಸ್ ಬರುವುದು ಬೇಡ.

ಇನ್ನು ನೋವಿಗೆ ಏನು ಕೊಡಬಹುದು ಅಂದರೆ, ಬೇಕಷ್ಟು ದಾರಿ ಇದೆ. ಗಾಯದ ಜಾಗಕ್ಕೇ ಬುಪಿವಕೇನ್ ಥರದ ಮರಗಟ್ಟುವ ಔಷಧ ಹಾಕಬಹುದು. ಹೊಟ್ಟೆಯ ಗೋಡೆಯ ನರಗಳಿಗೆ ಬ್ಲಾಕ್, ಅಂದ್ರೆ ಆ ನರಗಳನ್ನೇ ಮರಗಟ್ಟಿಸುವ ಇಂಜೆಕ್ಷನ್, ಕೊಡಬಹುದು. ಪ್ಯಾರಾಸಿಟಮಾಲ್ ಡ್ರಿಪ್ ಇದೆ, ಮಾರ್ಫಿನ್ ಜಾತಿಯ ಫೆಂಟನಿಲ್ ಇದೆ. ಡೈಕ್ಲೋಫೆನಾಕ್ ಒಂದನ್ನು ಬಿಟ್ಟರೂ ಆಪರೇಷನ್ ಆರಾಮಾಗಿ ಆಗುತ್ತದೆ ಅಂತ ಅಪ್ಪಯ್ಯನಿಗೆ ಹೇಳು.

ಹೆಸರು ಹೆಸರು ಅಂತ ಇಷ್ಟೊತ್ತು ಹೇಳಿದ್ದಕ್ಕೆ ಒಂದು ಕಾರಣ ಇದೆ. ತುಂಬಾ ವರ್ಷದ ಹಿಂದೆ, ಆಷಾಢದ ಮಳೆ, ಕರೆಂಟ್ ಹೋಗಿ ಜನರೇಟರ್ ಮೇಲೆ ಆಸ್ಪತ್ರೆ ನಡೆಯುತ್ತಿತ್ತು. ಮುಂಗೈ ಮುರಿದು ಪ್ಲೇಟ್ ಹಾಕಿಸಿಕೊಂಡ ಒಬ್ಬರು ಹೆಂಗಸು. ನೋವಿನ ಔಷಧವನ್ನು ಸಲೈನ್ ಬಾಟಲಿಗೆ ಸೇರಿಸಿ ಬಿಟ್ಟಿದ್ದರು, ಕಾಲು ಭಾಗವೂ ಇಳಿದಿರಲಿಲ್ಲ. ನಾನು ಪಕ್ಕದ ಮಂಚದ ಹತ್ತಿರ ಬರೆಯುತ್ತಾ ನಿಂತಿದ್ದೆ. ಒಂದು ಸದ್ದು ಬಂತು, ಬಳೆ ಕಬ್ಬಿಣಕ್ಕೆ ತಾಗುವ ಸದ್ದು. ತಿರುಗಿ ನೋಡಿದರೆ ಅವರು ಸರಿಯಿದ್ದ ಕೈಯ ಅಂಗೈಯನ್ನು ಮಂಚದ ಸರಳಿಗೆ ಉಜ್ಜುತ್ತಿದ್ದಾರೆ. ಅಂಗೈ ದಾಸವಾಳದ ಹಾಗೆ ಕೆಂಪು. ‘ಯಂಗೆ ಎಂತೋ ಆಗ್ತಾ ಇದ್ದು ತಂಗಿ’ ಅಂದರು, ಅಷ್ಟೇ. ಬೆರಳಿಗೆ ಹಾಕಿದ ಕ್ಲಿಪ್ಪಿನ ಬೀಪ್ ಸದ್ದು ತಗ್ಗುತ್ತಾ ಬಂತು. ಆಕ್ಸಿಜನ್ ಇಳಿದ ಹಾಗೆ ಅದರ ಸ್ವರವೂ ಇಳಿಯುತ್ತದೆ. ಸಲೈನ್ ನಿಲ್ಲಿಸಿದೆ, ಕಾಲು ಎತ್ತಿಸಿದೆ, ಬಿದ್ದ ಬಿಪಿಯನ್ನು ಎತ್ತುವ ಅಡ್ರಿನಲಿನ್ ತೊಡೆಗೆ ಕೊಟ್ಟೆ. ಐದು ನಿಮಿಷ ಬಿಟ್ಟು ಇನ್ನೊಂದು ಸಲ. ಬೇರೆ ಬಾಟಲಿ ಸಲೈನ್ ಜೋರಾಗಿ ಬಿಟ್ಟೆವು. ಸ್ವರ ಮೆಲ್ಲಗೆ ಮೇಲೆ ಬಂತು. ಮೊದಲಿನ ಬಾಟಲಿ ಮೇಲೆ ನರ್ಸ್ ಬಿಳಿ ಟೇಪು ಅಂಟಿಸಿ ಬಾಲ್‌ಪೆನ್ನಿನಲ್ಲಿ ಔಷಧದ ಹೆಸರು, ಡೋಸು, ಗಂಟೆ ಬರೆದಿದ್ದಳು. ಆ ಟೇಪನ್ನು ಹಾಗೇ ಕಿತ್ತು ಕೇಸ್ ಶೀಟಿಗೆ ಅಂಟಿಸಿದೆ. ಆಮೇಲೆ ಆ ಹೆಂಗಸಿಗೆ ಒಂದು ಕಾರ್ಡ್ ಬರೆದುಕೊಟ್ಟೆವು. ಐದಾರು ವರ್ಷ ಕಳೆದು ಬೇರೆ ಊರಲ್ಲಿ ಅವರಿಗೆ ಗರ್ಭಕೋಶದ ಆಪರೇಷನ್ ಆಯ್ತು, ಆ ಕಾರ್ಡ್ ತೋರಿಸಿದ್ದರಂತೆ, ಏನೂ ತೊಂದರೆ ಆಗಲಿಲ್ಲ. ಅಪ್ಪಯ್ಯನಿಗೆ ಸಿಗದೇ ಹೋದದ್ದು ಅಂಥ ಒಂದು ತುಂಡು ಟೇಪು, ತಂಗಿ.

ಪ್ರಶ್ನೆ: ನಾನು ಕಾರವಾರದವನು, ಬೋಟಿಗೆ ಹೋಗುವವನು. ದಮ್ಮು ಇದೆ. ಮೂಗಿನಲ್ಲಿ ದುರ್ಮಾಂಸ ಅಂತ ಹಿಂದೆ ಒಮ್ಮೆ ತೆಗೆಸಿದ್ದೆ, ಮತ್ತೆ ಬೆಳೆದಿದೆ. ಹೋದ ವರ್ಷ ಬೆನ್ನು ನೋವಿಗೆ ಒಂದು ಮಾತ್ರೆ ನುಂಗಿ ಒಂದು ಗಂಟೆಗೆ ಎದೆ ಬಿಗಿದು ಸತ್ತೇ ಹೋಗ್ತೇನೆ ಅನ್ನಿಸಿತು. ಈಗ ಮೊಣಕಾಲಿನ ಆಪರೇಷನ್ ಇದೆ. ಇದನ್ನು ಡಾಕ್ಟರಿಗೆ ಹೇಳಬೇಕಾ?

ಉತ್ತರ: ಅಣ್ಣಾ, ಹೇಳಲೇಬೇಕು. ಹೋದ ಕೂಡಲೇ ಮೊದಲು ಇದನ್ನೇ ಹೇಳಿ. ದಮ್ಮು, ಮೂಗಿನ ದುರ್ಮಾಂಸ, ನೋವಿನ ಮಾತ್ರೆಗೆ ಎದೆ ಬಿಗಿತ, ಈ ಮೂರೂ ಒಬ್ಬರಲ್ಲೇ ಇದ್ದರೆ ನಮಗೆ ಗೊತ್ತಿರುವ ಒಂದು ಕಾಯಿಲೆ ಅದು. ಒಂದು ಪ್ರಶ್ನೆ ನಾನೇ ಕೇಳುತ್ತೇನೆ: ಬೋಟಿನ ತುಂಬ ಮೀನಿದ್ದರೂ ನಿಮಗೆ ವಾಸನೆ ಸರಿಯಾಗಿ ಗೊತ್ತಾಗುವುದಿಲ್ಲ ಅಲ್ವಾ? ಇಂಥವರಲ್ಲಿ ಹೆಚ್ಚಿನವರಿಗೆ ಹಾಗೇ ಇರುತ್ತದೆ.

ನಿಮ್ಮದು ಮೇಲಿನ ಅಪ್ಪಯ್ಯನ ಥರದ್ದಲ್ಲ. ಒಂದು ಔಷಧದ ಮೇಲಿನ ಸಿಟ್ಟಲ್ಲ ಇದು, ಇಡೀ ಗುಂಪಿನ ಮೇಲಿನದು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೆಟೊರೊಲಾಕ್, ಮೆಫೆನಾಮಿಕ್ ಆಸಿಡ್ ಎಲ್ಲ ಒಂದೇ ಕೆಲಸ ಮಾಡುತ್ತವೆ. ಕಾಕ್ಸ್-1 ಅನ್ನುವ ಕಿಣ್ವವನ್ನು ತಡೆಯುತ್ತವೆ. ಆ ದಾರಿ ಮುಚ್ಚಿದಾಗ ನಿಮ್ಮಂಥವರ ಮೈಯಲ್ಲಿ ಲ್ಯೂಕೋಟ್ರೈನ್ ಅನ್ನುವ ಪದಾರ್ಥ ಉಕ್ಕಿ ಬಂದು ಶ್ವಾಸನಾಳ ಹಿಂಡುತ್ತದೆ. ಅದಕ್ಕೇ ಒಂದು ಬಿಟ್ಟು ಇನ್ನೊಂದು ತಗೊಂಡರೂ ಕಥೆ ಅದೇ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲೂ ಇದು ಸಿಗುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ‘ಬೆನ್ನು ನೋವಿಗೆ ಏನಾದ್ರೂ ಕೊಡಿ’ ಅಂತ ಇನ್ನು ಮೇಲೆ ಕೇಳಬೇಡಿ. ವೋವೆರಾನ್, ಡೈನಾಪಾರ್, ಜೆರೋಡಾಲ್, ಮೆಫ್ಟಾಲ್, ಡಿಸ್ಪ್ರಿನ್, ಹೆಸರು ಬೇರೆ, ಗುಂಪು ಒಂದೇ. ನೋವಿಗೆ ತಿಕ್ಕುವ ಎಷ್ಟೋ ಜೆಲ್ಲು, ಸ್ಪ್ರೇಗಳಲ್ಲೂ ಡೈಕ್ಲೋಫೆನಾಕ್ ಇದೆ. ಆಪರೇಷನ್ ಆದ ಮೇಲೆ ಗುದದೊಳಗೆ ಇಡುವ ಗುಳಿಗೆಯೂ ಹೆಚ್ಚಾಗಿ ಅದೇ, ಇಂಜೆಕ್ಷನ್ ಬೇಡ ಅಂದವರಿಗೆ ಕೆಲವೊಮ್ಮೆ ಅದನ್ನು ಇಟ್ಟುಬಿಡುತ್ತಾರೆ, ಆದ್ದರಿಂದ ಅದನ್ನೂ ಬಾಯಿಬಿಟ್ಟು ಹೇಳಿ. ಪ್ಯಾರಾಸಿಟಮಾಲ್ ಕಡಿಮೆ ಡೋಸಿನಲ್ಲಿ ಸಾಮಾನ್ಯವಾಗಿ ಆಗುತ್ತದೆ. ಕಾಕ್ಸ್-1ನ್ನು ಅಷ್ಟಾಗಿ ಮುಟ್ಟದ ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಥರದ ನೋವಿನ ಮಾತ್ರೆಯೂ ಹೆಚ್ಚಿನವರಿಗೆ ಆಗುತ್ತದೆ, ಆದರೆ ಮೊದಲ ಮಾತ್ರೆ ಡಾಕ್ಟರ ಕಣ್ಣೆದುರು ತಗೊಳ್ಳಬೇಕು. ಮೊಣಕಾಲಿಗಂತೂ ಬೆನ್ನಿಗೆ ಕೊಡುವ ಸ್ಪೈನಲ್ ಮತ್ತು ಕಾಲಿನ ನರದ ಬ್ಲಾಕ್ ಎರಡೂ ಇದೆ, ನಿಮಗೆ ಅದೇ ಒಳ್ಳೆಯದು. ಅದಕ್ಕಿಂತ ಮೊದಲು ದಮ್ಮು ಹತೋಟಿಗೆ ಬರಲಿ. ಇನ್ಹೇಲರ್ ನಿಲ್ಲಿಸಬೇಡಿ, ಆಪರೇಷನ್ ದಿನ ಬೆಳಿಗ್ಗೆಯೂ ತಗೊಳ್ಳಿ, ಕೈಯಲ್ಲಿ ಹಿಡಿದೇ ಥಿಯೇಟರಿಗೆ ಬನ್ನಿ.

ಪ್ರಶ್ನೆ: ಕುಮಟಾದಲ್ಲಿ ನನ್ನ ಹೆಂಡತಿಗೆ ಸಿಸೇರಿಯನ್ ಆಯ್ತು. ಬೆನ್ನಿನ ಇಂಜೆಕ್ಷನ್ ಜೊತೆ ಮಾರ್ಫಿನ್ ಸೇರಿಸಿದ್ದರಂತೆ. ರಾತ್ರಿಯಿಡೀ ಮೂಗು, ಮುಖ ಕೆರೆದುಕೊಂಡಳು. ಇದು ಅಲರ್ಜಿಯಾ?

ಉತ್ತರ: ಅಲ್ಲ. ಮಾರ್ಫಿನ್ ಬೆನ್ನಿಗೆ ಹೋದರೆ ಮೂಗು, ಮುಖ ತುರಿಸುವುದು ತುಂಬಾ ಜನರಿಗೆ ಆಗುವ ಅಡ್ಡಪರಿಣಾಮ. ಒಂದು ದಿನದಲ್ಲಿ ತಾನೇ ಹೋಗುತ್ತದೆ, ತಡೆಯಲಾಗದಿದ್ದರೆ ಅದಕ್ಕೂ ಔಷಧ ಇದೆ. ಗಂಧೆ ಎದ್ದಿರಲಿಲ್ಲ, ಉಸಿರು ಕಟ್ಟಲಿಲ್ಲ, ಬಿಪಿ ಬೀಳಲಿಲ್ಲ ಅಂದರೆ ‘ಮಾರ್ಫಿನ್ ಅಲರ್ಜಿ’ ಅಂತ ಎಲ್ಲೂ ಬರೆಸಬೇಡಿ. ಒಮ್ಮೆ ಹಾಗೆ ಬರೆದರೆ ಅದು ಜೀವಮಾನವಿಡೀ ಅಂಟಿಕೊಳ್ಳುತ್ತದೆ, ಮುಂದೆ ನಿಜವಾಗಿ ಬೇಕಾದ ದಿನ ಆ ಔಷಧ ಅವರಿಗೆ ಸಿಗುವುದಿಲ್ಲ. ‘ಮಾರ್ಫಿನ್‌ನಿಂದ ತುರಿಕೆ’ ಅಂತ ಮಾತ್ರ ಇರಲಿ.

ಪ್ರಶ್ನೆ: ಹಿಂದೆ ಮೂರು ಸಲ ಅದೇ ಇಂಜೆಕ್ಷನ್ ತಗೊಂಡಿದ್ದೆ, ಏನೂ ಆಗಿರಲಿಲ್ಲ. ನಾಲ್ಕನೇ ಸಲ ಪ್ರಜ್ಞೆ ತಪ್ಪಿ ಬಿದ್ದೆ. ಔಷಧದಲ್ಲೇ ಏನೋ ಕಲಬೆರಕೆ ಇತ್ತು ಅಂತ ಊರವರೆಲ್ಲ ಹೇಳುತ್ತಾರೆ. ಟೆಸ್ಟ್ ಡೋಸ್ ಕೊಟ್ಟಿದ್ದರೆ ಗೊತ್ತಾಗುತ್ತಿತ್ತಾ?
— ಅಂಕೋಲಾ

ಉತ್ತರ: ಕಲಬೆರಕೆ ಇರಲೇಬೇಕು ಅಂತಿಲ್ಲ. ಅಲರ್ಜಿಯ ಸ್ವಭಾವವೇ ಹೀಗೆ. ಇದು ಮೊದಲು ಗೊತ್ತಾದದ್ದು ಸಮುದ್ರದ ಜೀವಿಗಳಿಂದ, ಕರಾವಳಿಯವರಾದ ನಿಮಗೆ ಇದನ್ನು ಹೇಳಬೇಕು ಅನ್ನಿಸಿತು. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪೋಲ್ ಪೋರ್ಟಿಯೆ ಲೋಳೆಮೀನಿನಂಥ ಒಂದು ಜೀವಿಯ ವಿಷದಿಂದ ಶುರು ಮಾಡಿ, ಆಮೇಲೆ ಕಡಲಹೂವಿನ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ತೀರಾ ಸ್ವಲ್ಪ ಕೊಟ್ಟಾಗ ನಿಮಿಷಗಳಲ್ಲಿ ಸತ್ತುಹೋಯಿತು. 1902ರಲ್ಲಿ ಅವರು ಇದಕ್ಕೆ ಅನಾಫಿಲಾಕ್ಸಿಸ್ ಅಂತ ಹೆಸರಿಟ್ಟರು, 1913ರಲ್ಲಿ ರಿಶೆಗೆ ನೊಬೆಲ್ ಬಂತು. ಮೊದಮೊದಲ ಸಲ ಮೈ ಆ ಪದಾರ್ಥವನ್ನು ಗುರುತು ಹಿಡಿದು ಇಟ್ಟುಕೊಳ್ಳುತ್ತದೆ, ಮುಂದೊಂದು ಸಲ ತಿರುಗಿಬೀಳುತ್ತದೆ.

ಟೆಸ್ಟ್ ಡೋಸ್, ಅಂದ್ರೆ ಮೊದಲು ಒಂದು ಹನಿಯನ್ನು ಚರ್ಮಕ್ಕೆ ಚುಚ್ಚಿ ನೋಡುವುದು, ಅದರ ಬಗ್ಗೆ ನಮ್ಮಲ್ಲಿ ನಂಬಿಕೆ ಜಾಸ್ತಿ. ನೋವಿನ ಔಷಧಗಳಿಗೆ ಅದು ನೆಚ್ಚಿಕೊಳ್ಳುವಂಥದ್ದಲ್ಲ. ಕೈ ಮೇಲೆ ಗುಳ್ಳೆ ಏಳಲಿಲ್ಲ ಅಂತ ಧೈರ್ಯವಾಗಿ ಇರಲಾಗುವುದಿಲ್ಲ, ಅಲರ್ಜಿ ಜೋರಿದ್ದರೆ ಆ ಹನಿಯೇ ಅಪಾಯ ತರಬಹುದು. ನಿಮಗೆ ಆ ಇಂಜೆಕ್ಷನ್ ಇನ್ನು ಬೇಡವೇ ಬೇಡ. ಆದದ್ದನ್ನು ಸರ್ಕಾರದ ಔಷಧ ನಿಗಾ ಕಾರ್ಯಕ್ರಮಕ್ಕೆ ತಿಳಿಸಿ, 1800-180-3024 ಉಚಿತ ನಂಬರು, ರೋಗಿಗಳೇ ಫೋನ್ ಮಾಡಬಹುದು. ಕಲಬೆರಕೆ ಅನುಮಾನ ಇದ್ದರೆ ಬ್ಯಾಚ್ ನಂಬರ್ ಸಮೇತ ಹೇಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಹಲ್ಲು ಕೀಳಿಸಿ ಬಂದ ಮೇಲೆ ಕೊಟ್ಟ ಮಾತ್ರೆಯಿಂದ ಗಂಧೆ ಎದ್ದು ತುಟಿ ಊದಿತು. ಮುರುಗಲು ಸಿಪ್ಪೆ ನೆನೆಸಿದ ನೀರು ಹಚ್ಚಿದೆ, ಒಂದು ಅವಿಲ್ ಕೊಟ್ಟೆ, ಕಡಿಮೆ ಆಯ್ತು. ರಾತ್ರಿ ಮತ್ತೆ ಜೋರಾಗಿ ಬಂದು ದನಿಯೇ ಕೂತುಹೋಯಿತು. ಆಸ್ಪತ್ರೆಗೆ ಒಯ್ದೆವು, ಈಗ ಹುಷಾರಿದ್ದಾರೆ. ನಾನು ತಪ್ಪು ಮಾಡಿದೆನಾ?
— ಸಿದ್ದಾಪುರ

ಉತ್ತರ: ಅಕ್ಕಾ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಮುರುಗಲು ನಮ್ಮ ಮನೆಯಲ್ಲೂ ಹಚ್ಚುತ್ತಿದ್ದೆವು, ಬರೀ ಚರ್ಮದ ಗಂಧೆಗೆ ಅದರ ತಂಪು ಹಿತವೇ. ಆದರೆ ತುಟಿ, ನಾಲಿಗೆ ಊದಿದರೆ, ದನಿ ಬದಲಾದರೆ, ಉಸಿರಿಗೆ ಕಷ್ಟವಾದರೆ, ವಾಂತಿ ಬಂದು ತಲೆ ತಿರುಗಿದರೆ ಅದು ಚರ್ಮದ ವಿಷಯ ಅಲ್ಲ. ಅವಿಲ್ ತುರಿಕೆ ಇಳಿಸುತ್ತದೆ, ಊದಿದ ಗಂಟಲನ್ನು, ಬಿದ್ದ ಬಿಪಿಯನ್ನು ಎತ್ತುವುದಿಲ್ಲ. ಅದಕ್ಕೆ ಅಡ್ರಿನಲಿನ್ ಒಂದೇ. ದೊಡ್ಡವರಿಗೆ ಅರ್ಧ ಮಿಲಿ, ತೊಡೆಯ ಹೊರಬದಿಯ ಸ್ನಾಯುವಿಗೆ, ಬೇಕಾದರೆ ಐದು ನಿಮಿಷಕ್ಕೆ ಮತ್ತೆ. ಸಣ್ಣ ಗಾಜಿನ ಆಂಪುಲ್ ಅದು, ಹೆಚ್ಚು ಬೆಲೆಯದ್ದೂ ಅಲ್ಲ. ಲಸಿಕೆ ಹಾಕುವ ಸಿಸ್ಟರ್‌ಗಳ ಕಿಟ್ಟಿನಲ್ಲೂ ಇರುತ್ತದೆ. ಹಾಗಾಗಿ ಸೀದಾ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅಂತ ಹತ್ತಿರದ ಆರೋಗ್ಯ ಕೇಂದ್ರ ದಾಟಿ ಓಡಬೇಡಿ. ಅಲ್ಲಿ ಅಡ್ರಿನಲಿನ್ ಹಾಕಿಸಿ, 108ಕ್ಕೆ ಫೋನ್ ಮಾಡಿ, ಆಮೇಲೆ ಮುಂದೆ.

ಗಾಡಿಯಲ್ಲಿ ಒಯ್ಯುವಾಗ ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾಲು ಎತ್ತರ ಇರಲಿ. ಉಸಿರಾಟಕ್ಕೆ ಕಷ್ಟ ಇದ್ದರೆ ಮಾತ್ರ ಒರಗಿಸಿ ಕೂರಿಸಿ. ಬಿಪಿ ಬಿದ್ದವರನ್ನು ಎಬ್ಬಿಸಿ ನಡೆಸಿಕೊಂಡು ಹೋಗಬಾರದು. ಹಾಗೆ ತಟ್ಟನೆ ಎದ್ದು ನಿಂತಾಗ ಹೃದಯವೇ ನಿಂತುಹೋದದ್ದಿದೆ.

ಇಳಿದದ್ದು ಮತ್ತೆ ಬರುವುದೂ ಇದರ ಸ್ವಭಾವ. ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರಬಹುದು, ಅದಕ್ಕೇ ಕಡಿಮೆ ಆದರೂ ಆರರಿಂದ ಹನ್ನೆರಡು ಗಂಟೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೇವೆ. ಮನೆಗೆ ಕಳಿಸಿ ಅಂತ ಒತ್ತಾಯ ಮಾಡಬೇಡಿ.

ಒಂದು ಕೆಲಸ ಈಗಲೇ ಮಾಡಿ ಅಕ್ಕಾ. ಆ ಮಾತ್ರೆಯ ಪಟ್ಟಿ ಇನ್ನೂ ಮನೆಯಲ್ಲಿ ಇರಬಹುದು, ಟಿವಿ ಪಕ್ಕವೋ, ಕ್ಯಾಲೆಂಡರಿನ ಹಿಂದೆಯೋ. ಎಸೆಯಬೇಡಿ. ಬೆಳ್ಳಿ ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರಿದೆ. ಅದರ ಫೋಟೋ ತೆಗೆದು ಯಜಮಾನರ ಫೋನಿಗೂ ಮಕ್ಕಳ ಫೋನಿಗೂ ಕಳಿಸಿ, ಆ ಪಟ್ಟಿಯನ್ನು ಅವರ ಆಧಾರ್ ಕಾರ್ಡಿನ ಕವರಿನಲ್ಲೇ ಇಡಿ.